ವಿಶ್ವಕಪ್ ಆಡುವವರು ಯಾರು, ನಡೆಸುವವರು ಯಾರು?

ನಮ್ಮ ಜಿಲ್ಲೆಯ ಕ್ವಿಜ್ ಸ್ಪರ್ಧೆಗಳಲ್ಲಿ ಕೇಳಲು ತಕ್ಕ ಒಂದು ಪ್ರಶ್ನೆ ಇದೆ: ಮೊದಲ ಮಹಿಳಾ ಕಬಡ್ಡಿ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ಯಾರು? ಕಾರ್ಕಳ ಕಡೆಯಿಂದ ಬರುವ ನಮ್ಮ ಗೆಳೆಯರು ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುತ್ತಾರೆ. ಉತ್ತರ, ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ. ವರ್ಷ 2012, ಸ್ಥಳ ಪಾಟ್ನಾ, ಫೈನಲ್‌ನಲ್ಲಿ ಎದುರಾಳಿ ಇರಾನ್. 2010ರ ಗುವಾಂಗ್‌ಝೌ ಮತ್ತು 2014ರ ಇಂಚಿಯೋನ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡಗಳಲ್ಲೂ ಅವರಿದ್ದರು. 2014ರಲ್ಲಿ ಅರ್ಜುನ ಪ್ರಶಸ್ತಿಯೂ ಬಂತು.

ಇದರ ಮುಂದಿನ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಎರಡನೇ ಮಹಿಳಾ ಕಬಡ್ಡಿ ವಿಶ್ವಕಪ್ ಯಾವಾಗ ನಡೆಯಿತು?

ಅದು ನಡೆದದ್ದು 2025ರ ನವೆಂಬರ್‌ನಲ್ಲಿ, ಬಾಂಗ್ಲಾದೇಶದ ಢಾಕಾದಲ್ಲಿ. ಅಂದರೆ 13 ವರ್ಷಗಳ ನಂತರ. 2012ರಲ್ಲಿ ನಮ್ಮಂತೆ 17 ವರ್ಷದವಳಾಗಿ, ಪಿಯುಸಿ ಓದುತ್ತಾ, ಟಿ.ವಿ.ಯಲ್ಲಿ ಮಮತಾ ಪೂಜಾರಿಯವರನ್ನು ನೋಡಿ ‘ಮುಂದಿನ ಸಲ ನಾನು’ ಅಂದುಕೊಂಡ ಹುಡುಗಿಗೆ ಆ ‘ಮುಂದಿನ ಸಲ’ ಬರುವಾಗ 30 ತುಂಬಿತ್ತು. ಕಬಡ್ಡಿಯಂಥ ಆಟದಲ್ಲಿ ಮೊಣಕಾಲು ಮತ್ತು ಭುಜ ಅಷ್ಟು ವರ್ಷ ಕಾಯುವುದಿಲ್ಲ. ಒಂದು ಇಡೀ ತಲೆಮಾರು ಆಡಿ, ಗೆದ್ದು, ನಿವೃತ್ತಿಯಾಯಿತು. ಅವರ ಕಾಲದಲ್ಲಿ ವಿಶ್ವಕಪ್ ಎಂಬುದು ನಡೆಯಲೇ ಇಲ್ಲ.

ಪುರುಷರ ಕಥೆಯೂ ಹೆಚ್ಚು ಬೇರೆಯಲ್ಲ. ಅಂತರರಾಷ್ಟ್ರೀಯ ಕಬಡ್ಡಿ ಒಕ್ಕೂಟದ ವಿಶ್ವಕಪ್ 2004ರಲ್ಲಿ ಮುಂಬೈಯಲ್ಲಿ, 2007ರಲ್ಲಿ ಪನ್ವೇಲ್‌ನಲ್ಲಿ, ಮತ್ತೆ 9 ವರ್ಷ ಬಿಟ್ಟು 2016ರಲ್ಲಿ ಅಹಮದಾಬಾದ್‌ನಲ್ಲಿ ನಡೆಯಿತು. ಮೂರನ್ನೂ ಭಾರತವೇ ಗೆದ್ದಿತು, ಮೂರು ಫೈನಲ್‌ಗಳಲ್ಲೂ ಸೋತದ್ದು ಇರಾನ್. ಇದರ ನಡುವೆ ಪಂಜಾಬ್‌ನಲ್ಲಿ 2010ರಿಂದ ಸರ್ಕಲ್ ಶೈಲಿಯ ಕಬಡ್ಡಿಗೆ ಪ್ರತ್ಯೇಕ ವಿಶ್ವಕಪ್ ಶುರುವಾಯಿತು. 2025ರ ಮಾರ್ಚ್‌ನಲ್ಲಿ ‘ವರ್ಲ್ಡ್ ಕಬಡ್ಡಿ’ ಎಂಬ ಬೇರೆಯೇ ಸಂಸ್ಥೆ ಇಂಗ್ಲೆಂಡ್‌ನಲ್ಲಿ ಇನ್ನೊಂದು ವಿಶ್ವಕಪ್ ನಡೆಸಿತು. ಹಾಗಾಗಿ ‘ಕಬಡ್ಡಿ ವಿಶ್ವಕಪ್ ಗೆದ್ದವರು’ ಎಂದು ಯಾರಾದರೂ ಹೇಳಿದರೆ, ‘ಯಾವ ವಿಶ್ವಕಪ್?’ ಎಂದು ಕೇಳಬೇಕಾದ ಸ್ಥಿತಿ ಇದೆ. ಫುಟ್‌ಬಾಲ್‌ನಲ್ಲಿ ಈ ಪ್ರಶ್ನೆ ಹುಟ್ಟುವುದಿಲ್ಲ. 1930ರಿಂದ ಒಂದೇ ಫಿಫಾ, ಒಂದೇ ಪುರುಷರ ವಿಶ್ವಕಪ್. ಎರಡನೇ ಮಹಾಯುದ್ಧದಿಂದಾಗಿ 1942 ಮತ್ತು 1946ರಲ್ಲಿ ತಪ್ಪಿದ್ದು ಬಿಟ್ಟರೆ ನಾಲ್ಕು ವರ್ಷಕ್ಕೊಮ್ಮೆ ನಡೆದುಕೊಂಡು ಬಂದಿದೆ.

ಇದನ್ನು ಬರೆಯುತ್ತಿರುವ ನಾನು ಆಡುವವಳಲ್ಲ, ಅಂಕ ಬರೆಯುವವಳು. ಕಾಲೇಜಿನ ಪಂದ್ಯಗಳಿಗೆ ಸ್ಕೋರ್ ಶೀಟ್ ಹಿಡಿದು ಕೂರುವುದು ನನ್ನ ಕೆಲಸ. ಗೆರೆಯ ಹೊರಗೆ ಕೂತವರಿಗೆ ಆಟದ ಜೊತೆ ಇನ್ನೊಂದು ವಿಷಯವೂ ಕಾಣುತ್ತದೆ. ಯಾರು ಸಮಯ ನಿಗದಿ ಮಾಡುತ್ತಾರೆ, ಯಾರನ್ನು ಕೇಳಿ ಮಾಡುತ್ತಾರೆ, ಯಾರನ್ನು ಕೇಳುವುದೇ ಇಲ್ಲ ಎಂಬುದು. ನನ್ನ ಅಭಿಪ್ರಾಯ ಇಷ್ಟೇ: ಆಟ ನಡೆಸುವ ಮನೆಯೊಳಗೆ ಆಡುವವರಿಗೆ ಕುರ್ಚಿ ಇಲ್ಲದಿದ್ದರೆ, ಅವರು ಗೆದ್ದ ಕಪ್ಪಿನ ತೂಕವೂ ಕಡಿಮೆಯಾಗುತ್ತದೆ.

ಕಬಡ್ಡಿಯ ಮನೆ ಹೇಗಿದೆ ನೋಡೋಣ. ಕೆಳಗೆ ಊರಿನ ಕ್ಲಬ್ಬು, ಅದರ ಮೇಲೆ ಜಿಲ್ಲಾ ಸಂಸ್ಥೆ, ಅದರ ಮೇಲೆ ರಾಜ್ಯ ಸಂಸ್ಥೆ, ಅದರ ಮೇಲೆ ಭಾರತ ಅಮೆಚೂರ್ ಕಬಡ್ಡಿ ಒಕ್ಕೂಟ, ಅದಕ್ಕೂ ಮೇಲೆ ಏಷ್ಯಾ ಮತ್ತು ಅಂತರರಾಷ್ಟ್ರೀಯ ಒಕ್ಕೂಟಗಳು. ಹೆರ್ಮುಂಡೆಯಿಂದ ಪಾಟ್ನಾಕ್ಕೆ ಹೋಗಬೇಕಾದರೆ ಈ ಏಣಿಯ ಪ್ರತಿ ಮೆಟ್ಟಿಲನ್ನೂ ಹತ್ತಬೇಕು. ನಡುವಿನ ಒಂದು ಮೆಟ್ಟಿಲು ಮುರಿದರೂ ಕೆಳಗಿನವರಿಗೆ ದಾರಿ ಇಲ್ಲ.

ಮುರಿದದ್ದು ರಾಷ್ಟ್ರೀಯ ಒಕ್ಕೂಟದ ಮೆಟ್ಟಿಲು. ಜನಾರ್ದನ ಸಿಂಗ್ ಗೆಹ್ಲೋಟ್ ಅವರು ದಶಕಗಳ ಕಾಲ ಅದರ ಅಧ್ಯಕ್ಷರಾಗಿದ್ದರು. ಆಟವನ್ನು ಏಷ್ಯನ್ ಗೇಮ್ಸ್‌ಗೆ ತಲುಪಿಸಿದ ಕಾಲ ಅದು ಎಂಬುದನ್ನೂ ಹೇಳಬೇಕು. 1990ರಲ್ಲಿ ಪುರುಷರ ಕಬಡ್ಡಿ, 2010ರಲ್ಲಿ ಮಹಿಳೆಯರ ಕಬಡ್ಡಿ ಅಲ್ಲಿಗೆ ಸೇರಿತು. ಆದರೆ ಅವರ ನಂತರ 2013ರಲ್ಲಿ ಆ ಕುರ್ಚಿಗೆ ಬಂದವರು ಅವರ ಪತ್ನಿ. ಅವರಿಗೆ ‘ಆಜೀವ ಅಧ್ಯಕ್ಷ’ ಎಂಬ ಪದವಿ. ಮಾಜಿ ಆಟಗಾರರು ನ್ಯಾಯಾಲಯದ ಬಾಗಿಲು ತಟ್ಟಿದರು. 2018ರಲ್ಲಿ ದೆಹಲಿ ಹೈಕೋರ್ಟ್ ಎರಡೂ ನೇಮಕಗಳನ್ನು ರದ್ದುಪಡಿಸಿ, ಆಡಳಿತಾಧಿಕಾರಿಯೊಬ್ಬರ ಕೈಗೆ ಒಕ್ಕೂಟವನ್ನು ಕೊಟ್ಟಿತು.

ಕೋರ್ಟಿನ ತೀರ್ಪಿನಿಂದ ಎಲ್ಲವೂ ಸರಿಯಾಯಿತು ಎಂದುಕೊಂಡರೆ ಅದೂ ಆಗಲಿಲ್ಲ. ವರ್ಷಗಟ್ಟಲೆ ಆಡಳಿತಾಧಿಕಾರಿಯ ಆಳ್ವಿಕೆಯೇ ಮುಂದುವರಿಯಿತು. ಚುನಾಯಿತ ಆಡಳಿತ ಇಲ್ಲ ಎಂಬ ಕಾರಣ ಕೊಟ್ಟು ಅಂತರರಾಷ್ಟ್ರೀಯ ಒಕ್ಕೂಟ ಭಾರತದ ಒಕ್ಕೂಟವನ್ನು ಅಮಾನತಿನಲ್ಲಿಟ್ಟಿತು. 2025ರ ಮಾರ್ಚ್‌ನಲ್ಲಿ ಇರಾನ್‌ನಲ್ಲಿ ಮಹಿಳೆಯರ ಏಷ್ಯನ್ ಚಾಂಪಿಯನ್‌ಶಿಪ್ ಇತ್ತು. ಆಡಲು ತಂಡ ಸಿದ್ಧ, ಆದರೆ ಕಳಿಸಲು ಮನೆಯೇ ಇಲ್ಲ. ಇಬ್ಬರು ಆಟಗಾರ್ತಿಯರು ಸುಪ್ರೀಂ ಕೋರ್ಟಿಗೆ ಹೋದರು. ಫೆಬ್ರವರಿಯಲ್ಲಿ ಕೋರ್ಟು, 2023ರ ಡಿಸೆಂಬರ್‌ನಲ್ಲಿ ಚುನಾಯಿತರಾಗಿದ್ದ ಪದಾಧಿಕಾರಿಗಳಿಗೆ ಒಕ್ಕೂಟದ ಅಧಿಕಾರ ಹಸ್ತಾಂತರಿಸಲು ಹೇಳಿತು. ತಂಡ ಟೆಹ್ರಾನ್‌ಗೆ ಹೋಯಿತು, ಫೈನಲ್‌ನಲ್ಲಿ ಇರಾನನ್ನು ಸೋಲಿಸಿ ಕಪ್ ತಂದಿತು. ಅದೇ ವರ್ಷ ನವೆಂಬರ್‌ನಲ್ಲಿ ಢಾಕಾದಲ್ಲಿ ಚೈನೀಸ್ ತೈಪೆಯನ್ನು 35-28ರಿಂದ ಸೋಲಿಸಿ ವಿಶ್ವಕಪ್ಪನ್ನೂ ಗೆದ್ದಿತು.

ಗೆಳೆಯರೇ, ಇಲ್ಲಿ ಒಂದು ಕ್ಷಣ ನಿಲ್ಲಿ. ತಾನು ದೇಶಕ್ಕಾಗಿ ಆಡಬೇಕು ಎಂದು ಆಟಗಾರ್ತಿಯೊಬ್ಬಳು ದೇಶದ ಅತಿ ದೊಡ್ಡ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. ಅವಳು ರೈಡ್‌ಗೆ ಹೋಗುವುದನ್ನು ಅಭ್ಯಾಸ ಮಾಡಬೇಕಾದ ಹೊತ್ತಿನಲ್ಲಿ ವಕೀಲರ ಹತ್ತಿರ ಹೋದಳು. ನಮ್ಮ ಮನೆಗಳಲ್ಲಿ ಹಿರಿಯರು ಜವಾಬ್ದಾರಿಯ ಸ್ಥಾನವನ್ನು ‘ಅಮಾನತ್’ ಎನ್ನುತ್ತಾರೆ. ನಂಬಿಕೆಯ ಮೇಲೆ ನಮ್ಮ ಕೈಗೆ ಬಂದದ್ದು, ನಮ್ಮದಲ್ಲದ್ದು ಎಂದು ಅರ್ಥ. ಅದನ್ನು ಮರೆತ ಕಡೆ ಕೊನೆಗೆ ಉಳಿಯುವುದು ಕನ್ನಡದ ಅಮಾನತು ಮಾತ್ರ.

ದುಡ್ಡಿಲ್ಲದ ಆಟಗಳಿಗೆ ಇದೆಲ್ಲ ಸಹಜ, ದುಡ್ಡು ಬಂದರೆ ಸರಿಯಾಗುತ್ತದೆ ಎಂದು ನನ್ನ ತರಗತಿಯ ಕೆಲವರು ವಾದಿಸುತ್ತಾರೆ. ಹಾಗಾದರೆ ದುಡ್ಡು ಬಂದಾಗ ಏನಾಯಿತು ನೋಡಿ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾಯಿತು. ಕಾರ್ಕಳದವರೇ ಆದ ಸುಕೇಶ್ ಹೆಗ್ಡೆ ಅದರಲ್ಲಿ ಸೀಸನ್ ಮೇಲೆ ಸೀಸನ್ ಆಡಿದರು, 2017ರಲ್ಲಿ ಗುಜರಾತ್ ತಂಡದ ನಾಯಕರಾಗಿ ಫೈನಲ್ ತನಕ ಹೋದರು. ಅದು ನಮಗೆಲ್ಲ ಹೆಮ್ಮೆ. ಅದೇ ತಾಲೂಕಿನ ಮಮತಾ ಪೂಜಾರಿಯವರಿಗೆ ಸಿಕ್ಕಿದ್ದು 2016ರ ಮಹಿಳಾ ಕಬಡ್ಡಿ ಚಾಲೆಂಜ್. ಅದರಲ್ಲಿ ಇದ್ದದ್ದು ಮೂರೇ ತಂಡ, ಮಮತಾ ಅವರು ಫೈರ್ ಬರ್ಡ್ಸ್‌ನ ನಾಯಕಿ. ಮುಂದಿನ ಸೀಸನ್‌ನಲ್ಲಿ ಅದು ಇರಲಿಲ್ಲ. ಒಂದೇ ತಾಲೂಕು, ಒಂದೇ ಆಟ, ಆದರೆ ಒಬ್ಬರಿಗೆ ವೃತ್ತಿ, ಇನ್ನೊಬ್ಬರಿಗೆ ಒಂದು ಬೇಸಗೆಯ ಪ್ರದರ್ಶನ. ದುಡ್ಡು ತಾನಾಗಿ ನ್ಯಾಯ ಹಂಚುವುದಿಲ್ಲ. ಹಂಚುವವರು ಯಾರು ಎಂಬುದೇ ಮುಖ್ಯ.

ಇನ್ನೂ ಹೆಚ್ಚು ದುಡ್ಡಿರುವ ಆಟವೊಂದನ್ನು ನೋಡೋಣ. ಬೇಸ್‌ಬಾಲ್. ನಮ್ಮಲ್ಲಿ ಅದನ್ನು ಸಿನಿಮಾದಲ್ಲಿ ನೋಡಿದವರೇ ಹೆಚ್ಚು. ಭಾರತದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ಇಬ್ಬರು ಹುಡುಗರು 2008ರಲ್ಲಿ ಟಿ.ವಿ. ಸ್ಪರ್ಧೆಯೊಂದರ ಮೂಲಕ ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಒಪ್ಪಂದ ಪಡೆದ ಕಥೆ ‘ಮಿಲಿಯನ್ ಡಾಲರ್ ಆರ್ಮ್’ ಸಿನಿಮಾ ಆಗಿದೆ. ಆದರೆ ಆ ಆಟದ ಆಡಳಿತದ ಕಥೆ ನಮ್ಮ ಕಬಡ್ಡಿಯ ಅಣ್ಣನಂತಿದೆ.

ಬೇಸ್‌ಬಾಲ್‌ಗೆ 1938ರಿಂದಲೇ ಅಂತರರಾಷ್ಟ್ರೀಯ ಒಕ್ಕೂಟವಿತ್ತು. ಆ ವರ್ಷ ಇಂಗ್ಲೆಂಡ್‌ನಲ್ಲಿ ಬ್ರಿಟನ್ ಮತ್ತು ಅಮೆರಿಕ ಎರಡೇ ತಂಡಗಳು ಆಡಿದ ಸರಣಿಯೇ ಮೊದಲ ವಿಶ್ವಕಪ್ ಎನಿಸಿತು. ಗೆದ್ದದ್ದು ಬ್ರಿಟನ್! ಆ ವಿಶ್ವಕಪ್ 2011ರ ತನಕ ನಡೆಯಿತು. ಆದರೆ ಅದರ ಹೆಚ್ಚಿನ ಕಾಲ ಜಗತ್ತಿನ ಅತ್ಯುತ್ತಮ ವೃತ್ತಿಪರರು ಅದರಲ್ಲಿ ಆಡಲಿಲ್ಲ. ಅವರು ಇದ್ದದ್ದು ಅಮೆರಿಕದ ಮೇಜರ್ ಲೀಗ್‌ನಲ್ಲಿ. ಆ ಲೀಗ್ ತನ್ನ ಋತು ನಿಲ್ಲಿಸಿ ಒಲಿಂಪಿಕ್ಸ್‌ಗೂ ಆಟಗಾರರನ್ನು ಬಿಡಲಿಲ್ಲ. 1992ರಲ್ಲಿ ಒಲಿಂಪಿಕ್ಸ್ ಸೇರಿದ ಬೇಸ್‌ಬಾಲ್ 2008ರ ನಂತರ ಹೊರಬಿತ್ತು. ಟೋಕಿಯೊದಲ್ಲಿ ಒಮ್ಮೆ ಮರಳಿ, ಪ್ಯಾರಿಸ್‌ನಲ್ಲಿ ಮತ್ತೆ ಇಲ್ಲವಾಯಿತು. 2028ರ ಲಾಸ್ ಏಂಜಲೀಸ್‌ಗೆ ಅದನ್ನು ಸೇರಿಸುವ ತೀರ್ಮಾನ 2023ರ ಅಕ್ಟೋಬರ್‌ನಲ್ಲಿ ನಮ್ಮ ಮುಂಬೈಯಲ್ಲಿ ನಡೆದ ಒಲಿಂಪಿಕ್ ಸಮಿತಿ ಅಧಿವೇಶನದಲ್ಲೇ ಆಯಿತು. ಕ್ರಿಕೆಟ್‌ಗೂ ಅದೇ ದಿನ ಬಾಗಿಲು ತೆರೆಯಿತು.

ಈಗ ಬೇಸ್‌ಬಾಲ್‌ಗೆ ಎರಡು ಮನೆ. ಒಂದು, ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲ್ ಒಕ್ಕೂಟಗಳು 2013ರಲ್ಲಿ ಒಂದಾಗಿ ಕಟ್ಟಿದ ವಿಶ್ವ ಒಕ್ಕೂಟ. ಅದು ಶ್ರೇಯಾಂಕದ ಮೊದಲ 12 ದೇಶಗಳಿಗೆ ‘ಪ್ರೀಮಿಯರ್ 12’ ಪಂದ್ಯಾವಳಿ ನಡೆಸುತ್ತದೆ. 2015ರಲ್ಲಿ ದಕ್ಷಿಣ ಕೊರಿಯಾ, 2019ರಲ್ಲಿ ಜಪಾನ್, 2024ರಲ್ಲಿ ಚೈನೀಸ್ ತೈಪೆ ಅದನ್ನು ಗೆದ್ದವು. ಆದರೆ ಮೇಜರ್ ಲೀಗ್ ತನ್ನ ಮುಖ್ಯ ಆಟಗಾರರನ್ನು ಅದಕ್ಕೆ ಬಿಡುವುದಿಲ್ಲ. ಇನ್ನೊಂದು, 2006ರಲ್ಲಿ ಶುರುವಾದ ‘ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್’. ಒಕ್ಕೂಟದ ಮಾನ್ಯತೆ ಇದ್ದರೂ ಇದನ್ನು ನಡೆಸುವವರು ಮೇಜರ್ ಲೀಗ್ ಮತ್ತು ಅದರ ಆಟಗಾರರ ಸಂಘ. 2023ರ ಫೈನಲ್‌ನ ಕೊನೆಯ ಎಸೆತಗಳಲ್ಲಿ ಜಪಾನಿನ ಶೊಹೆಯ್ ಒಟಾನಿ ಅಮೆರಿಕದ ಮೈಕ್ ಟ್ರೌಟ್‌ರನ್ನು ಔಟ್ ಮಾಡಿದರು. ಆಗ ಇಬ್ಬರೂ ಲೀಗ್‌ನಲ್ಲಿ ಒಂದೇ ತಂಡದ ಜೊತೆಗಾರರು. ಹಣ, ಹೆಸರು, ಪ್ರೇಕ್ಷಕರು ಎಲ್ಲ ಇರುವುದು ಈ ಎರಡನೇ ಮನೆಯಲ್ಲಿ.

ಈ ವ್ಯವಸ್ಥೆ ಪೂರ್ತಿ ಸರಿ ಎಂದು ನಾನು ಹೇಳುವುದಿಲ್ಲ. ಒಂದು ದೇಶದ ಲೀಗ್ ಇಡೀ ಜಗತ್ತಿನ ಪಂದ್ಯಾವಳಿಯ ಯಜಮಾನನಾಗುವುದು ಸರಿಯಲ್ಲ. ಸಣ್ಣ ದೇಶಗಳ ಮಾತಿಗೆ ಅಲ್ಲಿ ಎಷ್ಟು ಬೆಲೆ ಎಂಬ ಪ್ರಶ್ನೆ ಇದ್ದೇ ಇದೆ. ಆದರೆ ಒಂದು ವಿಷಯ ಕಲಿಯುವಂತಿದೆ. ಅಲ್ಲಿ ಆಟಗಾರರ ಸಂಘ ಅರ್ಜಿ ಹಿಡಿದು ಹೊರಗೆ ನಿಂತಿಲ್ಲ, ಪಂದ್ಯಾವಳಿಯ ಪಾಲುದಾರನಾಗಿ ಒಳಗೆ ಕೂತಿದೆ. ಕೊರೋನಾದಿಂದ 2021ರ ಪಂದ್ಯಾವಳಿ 2023ಕ್ಕೆ ಹೋದದ್ದು ಬಿಟ್ಟರೆ ಮೂರು ನಾಲ್ಕು ವರ್ಷಕ್ಕೊಮ್ಮೆ ಅದು ನಡೆಯುತ್ತಲೇ ಬಂದಿದೆ. ನಮ್ಮ ಕಬಡ್ಡಿ ಹುಡುಗಿಯರಿಗೆ ಸಿಗದೇ ಹೋದದ್ದು ಇದೇ ಎರಡು: ಒಳಗೆ ಒಂದು ಕುರ್ಚಿ, ಮೊದಲೇ ಗೊತ್ತಿರುವ ಒಂದು ದಿನಾಂಕ.

‘ಆಡಳಿತ ದೊಡ್ಡವರಿಗಿರಲಿ, ನೀವು ಆಡಿ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅದು ಪ್ರೀತಿಯಿಂದ ಹೇಳುವ ಮಾತೇ. ಆದರೆ ಆಟದ ನಿಯಮ ಆಕಾಶದಿಂದ ಇಳಿದು ಬಂದದ್ದಲ್ಲ, ಒಂದು ಕೋಣೆಯಲ್ಲಿ ಕೂತವರು ಬರೆದದ್ದು. 2011ರಲ್ಲಿ ಇರಾನಿನ ಮಹಿಳಾ ಫುಟ್‌ಬಾಲ್ ತಂಡ ಜೋರ್ಡಾನ್‌ನಲ್ಲಿ ಒಲಿಂಪಿಕ್ ಅರ್ಹತಾ ಪಂದ್ಯಕ್ಕೆ ಮೈದಾನಕ್ಕಿಳಿದಾಗ, ತಲೆವಸ್ತ್ರ ನಿಯಮಕ್ಕೆ ವಿರುದ್ಧ ಎಂದು ಆಡಲು ಬಿಡಲಿಲ್ಲ. ಹುಡುಗಿಯರು ಮೈದಾನದಲ್ಲೇ ಅತ್ತರು. ಪಂದ್ಯ ಎದುರಾಳಿಗೆ ಹೋಯಿತು. 2014ರಲ್ಲಿ ಅದೇ ಫಿಫಾ ಅದಕ್ಕೆ ಅನುಮತಿ ಕೊಟ್ಟಿತು. ಬಾಸ್ಕೆಟ್‌ಬಾಲ್ ಒಕ್ಕೂಟ 2017ರಲ್ಲಿ ತನ್ನ ನಿಯಮ ಬದಲಿಸಿತು. ಮೂರು ವರ್ಷಗಳಲ್ಲಿ ಆಟ ಬದಲಾಗಲಿಲ್ಲ, ಚೆಂಡು ಬದಲಾಗಲಿಲ್ಲ. ಬದಲಾದದ್ದು ಕೋಣೆಯೊಳಗಿನ ತೀರ್ಮಾನ. ಕಬಡ್ಡಿಯಲ್ಲಿ ತಲೆ ಮುಚ್ಚಿಕೊಂಡೇ ಆಡುವ ಇರಾನ್ ವನಿತೆಯರು 2018ರ ಜಕಾರ್ತಾ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಭಾರತವನ್ನು 27-24ರಿಂದ ಸೋಲಿಸಿ ಚಿನ್ನ ಗೆದ್ದರು. ಭಾರತೀಯರಾಗಿ ನಮಗೆ ಆ ಸೋಲು ನೋವಿನದ್ದೇ. ಆದರೆ ಬಾಗಿಲು ತೆರೆದಿದ್ದರೆ ಯಾರು ಎಷ್ಟು ದೂರ ಓಡಬಲ್ಲರು ಎಂದೂ ಅದು ತೋರಿಸಿತು.

ಕಾನೂನು ಈಗ ಒಂದು ಹೆಜ್ಜೆ ಮುಂದಿಟ್ಟಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯನ್ನು ಒಪ್ಪಿತು. ಅದರ ಪ್ರಕಾರ ರಾಷ್ಟ್ರೀಯ ಕ್ರೀಡಾ ಒಕ್ಕೂಟದ ಕಾರ್ಯಕಾರಿ ಸಮಿತಿಯಲ್ಲಿ 15ಕ್ಕಿಂತ ಹೆಚ್ಚು ಜನ ಇರುವಂತಿಲ್ಲ. ಅವರಲ್ಲಿ ಕನಿಷ್ಠ ನಾಲ್ವರು ಮಹಿಳೆಯರು, ಕನಿಷ್ಠ ಇಬ್ಬರು ಉತ್ತಮ ಸಾಧನೆಯ ಕ್ರೀಡಾಪಟುಗಳು ಇರಬೇಕು. ಆಟಗಾರರ ಸಮಿತಿ ಬೇಕು. ಜಗಳ ಬಿಡಿಸಲು ರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಬೇಕು. ಕಾಗದದ ಮೇಲೆ ಇದು ಒಳ್ಳೆಯದು. ಆದರೆ ದೆಹಲಿಯ ಕಾಯ್ದೆ ಕಾಪುವಿನ ಮೈದಾನಕ್ಕೆ ತಾನಾಗಿ ನಡೆದು ಬರುವುದಿಲ್ಲ. ಕುರ್ಚಿ ಸಿಕ್ಕಿದಾಗ ಕೂತು ಮಾತಾಡುವ ಅಭ್ಯಾಸವಿರುವ ಆಟಗಾರರೂ ಬೇಕಲ್ಲ? ಆ ಅಭ್ಯಾಸ ಎಲ್ಲಿ ಆಗಬೇಕು? ಕಾಲೇಜಿನಲ್ಲೇ ಆಗಬೇಕು.

ನಮ್ಮ ಕರಾವಳಿಯಲ್ಲಿ ಪಂದ್ಯಾಟಗಳಿಗೆ ಬರವಿಲ್ಲ. ಮಳೆ ನಿಂತರೆ ಸಾಕು, ಕಾಪುವಿನಿಂದ ಕಾರ್ಕಳದ ತನಕ ಹೊನಲು ಬೆಳಕಿನ ಕಬಡ್ಡಿಯ ಬ್ಯಾನರ್‌ಗಳು. ಉಡುಪಿಯ ಅಜ್ಜರಕಾಡಿನಲ್ಲಿ ಜಿಲ್ಲಾ ಕ್ರೀಡಾಂಗಣ ಇದೆ, ಮಣಿಪಾಲದಲ್ಲಿ ಒಳಾಂಗಣ ಸೌಕರ್ಯ ಇದೆ. ಕಳೆದ ವರ್ಷ ಇಂಥ ಒಂದು ಪಂದ್ಯಾಟಕ್ಕೆ ನಾನು ಅಂಕ ಬರೆಯಲು ಹೋಗಿದ್ದೆ. ಹುಡುಗರ ಪಂದ್ಯಗಳು ತಡವಾದವು. ಸಮಯ ಹೊಂದಿಸಲು ಹುಡುಗಿಯರ ಸೆಮಿಫೈನಲ್‌ನಲ್ಲಿ 15 ನಿಮಿಷದ ಎರಡು ಅವಧಿಗಳನ್ನು 7 ನಿಮಿಷಕ್ಕೆ ಇಳಿಸಿದರು. ನಾಯಕಿಯರಿಬ್ಬರಿಗೂ ಅದು ಗೊತ್ತಾದದ್ದು ಮೈಕಿನಲ್ಲಿ. ಯಾರೂ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ. ಕೇಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ, ಅಷ್ಟೇ. 13 ವರ್ಷ ವಿಶ್ವಕಪ್ ನಡೆಯದಿರುವುದಕ್ಕೂ ಈ 7 ನಿಮಿಷಕ್ಕೂ ಬೇರು ಒಂದೇ ಎಂದು ನನಗನಿಸುತ್ತದೆ.

ಆದ್ದರಿಂದ ನಮ್ಮ ಕಾಲೇಜಿನ ಕ್ರೀಡಾ ಸಮಿತಿಗೆ ನಾಲ್ಕು ಸಲಹೆಗಳನ್ನು ಕೊಡಲು ಬಯಸುತ್ತೇನೆ. ಒಂದು, ಸಮಿತಿಯಲ್ಲಿ ಇಬ್ಬರು ಹುಡುಗಿಯರು, ಇಬ್ಬರು ಹುಡುಗರು ಇರಲಿ. ಅವರನ್ನು ಆಯಾ ತಂಡದ ಆಟಗಾರರೇ ಆರಿಸಲಿ. ಎರಡು, ತಾಲೂಕು ಮಟ್ಟದ ಪಂದ್ಯಗಳಿಗೆ ತಂಡ ಆರಿಸುವ ದಿನವನ್ನು ಕನಿಷ್ಠ ಹತ್ತು ದಿನ ಮೊದಲು ನೋಟಿಸ್ ಬೋರ್ಡಿಗೆ ಹಾಕಲಿ. ದೂರದಿಂದ ಬಸ್ಸಿನಲ್ಲಿ ಬರುವವರು ಮನೆಯಲ್ಲಿ ಹೇಳಿ, ಒಪ್ಪಿಸಿ, ಸಂಜೆ ಉಳಿಯಬೇಕಾದರೆ ಅಷ್ಟು ಸಮಯ ಬೇಕು. ಮೂರು, ಕಾಲೇಜಿನ ವಾರ್ಷಿಕ ಕ್ರೀಡಾಕೂಟದಲ್ಲಿ ಸಮಯ ಕಡಿಮೆಯಾದರೆ ಎಲ್ಲ ಪಂದ್ಯಗಳಿಂದ ಸಮನಾಗಿ ಕಡಿತವಾಗಲಿ, ನಾಯಕರಿಗೆ ಮೊದಲು ತಿಳಿಸಿ ಆಗಲಿ. ನಾಲ್ಕು, ವರ್ಷದ ಕೊನೆಗೆ ಕ್ರೀಡಾ ಶುಲ್ಕದ ಜಮಾ ಖರ್ಚು ಒಂದು ಪುಟದಲ್ಲಿ ಎಲ್ಲರಿಗೂ ಕಾಣುವಂತೆ ಇರಲಿ. ಈ ನಾಲ್ಕಕ್ಕೂ ಹೊಸ ದುಡ್ಡು ಬೇಡ.

ನಮ್ಮ ದೈಹಿಕ ಶಿಕ್ಷಣ ವಿಭಾಗದವರು ಬಿಸಿಲಲ್ಲಿ ನಿಂತು ಪಡುವ ಶ್ರಮ ನನಗೆ ಗೊತ್ತು. ಇದು ಅವರ ಮೇಲಿನ ದೂರಲ್ಲ, ಅವರ ಹೊರೆಯಲ್ಲಿ ಪಾಲು ಕೇಳುವುದು. ಸಮಿತಿಯಲ್ಲಿ ಕೂತ ವಿದ್ಯಾರ್ಥಿಗೆ ಜಗಳ ಕಡಿಮೆ, ಕೆಲಸ ಜಾಸ್ತಿ. ಡ್ರಾ ಬರೆಯಬೇಕು, ಸೋತವರನ್ನು ಸಮಾಧಾನ ಮಾಡಬೇಕು, ಲೆಕ್ಕ ಇಡಬೇಕು. ವಾಣಿಜ್ಯ ವಿಭಾಗದ ನಮಗೆ ಪುಸ್ತಕದಲ್ಲಿ ಬರುವ ಲೆಕ್ಕಪತ್ರಕ್ಕಿಂತ ಅದು ಒಳ್ಳೆಯ ಪಾಠ.

ಈ ಸಲಹೆಗಳನ್ನು ಪತ್ರವಾಗಿ ಬರೆದು ಪ್ರಾಂಶುಪಾಲರಿಗೆ ಕೊಡಲಿದ್ದೇನೆ. ಒಪ್ಪುವವರು ಸಹಿ ಹಾಕಿ. ಒಪ್ಪದವರು ಮುಂದಿನ ಸಂಚಿಕೆಗೆ ಕಾರಣ ಬರೆದು ಕಳಿಸಿ, ಖಂಡಿತ ಓದುತ್ತೇನೆ. ಐದನೇ ಸಲಹೆ ನಿಮ್ಮಲ್ಲಿದ್ದರೆ ಪತ್ರದ ಕೆಳಗೆ ಜಾಗ ಬಿಟ್ಟಿದ್ದೇನೆ.